ಬೇಡವೆನ್ನುವ ಹಾಡು

ಕನ್ನಡದಲ್ಲಿ ಹೆಂಡವನ್ನು ಕುರಿತ ಅತ್ಯುತ್ತಮ ಪದಗಳನ್ನು ಬರೆದವರು ಹೆಂಡವನ್ನು ಮುಟ್ಟದ ಒಬ್ಬ ಕನ್ನಡ ಅಧ್ಯಾಪಕರು. ಜಿ. ಪಿ. ರಾಜರತ್ನಂ ಅವರ ರತ್ನನನ್ನು ಬಲ್ಲ ಓದುಗರಿಗೆ ಇದಕ್ಕೆ ತದ್ವಿರುದ್ಧವಾದ ಸಂಗತಿಯೊಂದು ಕುತೂಹಲ ತರಬಹುದು: ಕುಡಿತವೇ ಕುಲಧರ್ಮವೆನಿಸಿದ್ದ ಗಾಯಕರ ನಡುವೆ ನಿಂತು, ಅವರದೇ ಗದ್ದಲದ ಧಾಟಿಯಲ್ಲಿ, ತನಗೆ ಅದು ಬೇಡವೆಂದ ಹಾಡು.

ಪಂಕ್ ಎಂಬ ಸಂಗೀತ ೧೯೭೦ರ ದಶಕದಲ್ಲಿ ಅಮೇರಿಕೆ, ಇಂಗ್ಲೆಂಡುಗಳ ತರುಣರಲ್ಲಿ ಹಬ್ಬಿತು. ಹರಕು ಉಡುಪು, ಬೈಗುಳ, ಮದ್ಯ, ಮಾದಕವಸ್ತು ಎಲ್ಲವೂ ಅದರ ಲಕ್ಷಣಗಳೆಂದೇ ಲೋಕ ತಿಳಿದಿತ್ತು. ೧೯೮೧ರಲ್ಲಿ ವಾಷಿಂಗ್ಟನ್ ನಗರದ ‘ಮೈನರ್ ಥ್ರೆಟ್’ ತಂಡ ‘ಸ್ಟ್ರೇಟ್ ಎಡ್ಜ್’ ಎಂಬ ಹಾಡನ್ನು ಹೊರತಂದಿತು. ಬರೆದು ಹಾಡಿದ ಇಯಾನ್ ಮೆಕೇಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಹಾಡಿನ ಅವಧಿ ೪೬ ಸೆಕೆಂಡು. ಕಿವಿಗೆ ಅದು ಕರ್ಕಶವೇ ಸರಿ; ಮಾತು ಕೇಳಿಸುವ ಮೊದಲೇ ಮುಗಿದುಹೋಗುತ್ತದೆ. ಆದರೆ ಅಂಕೋಲೆಯ ಅಲಗೇರಿಯಲ್ಲಿ ಹುಟ್ಟಿದ ದಿನಕರ ದೇಸಾಯಿಯವರ ಚುಟುಕಗಳನ್ನು ಬಾಯಿಪಾಠ ಮಾಡಿದ ನಾವು, ನಾಲ್ಕು ಸಾಲಿನಲ್ಲಿ ಏನಾದೀತು ಎಂದು ಕೇಳುವ ಹಾಗಿಲ್ಲ. ಎಡ್ಜ್ ಎಂದರೆ ಅಲಗು. ಮೇಲುಗೈ ಎಂಬ ಅರ್ಥವೂ ಅದಕ್ಕುಂಟು. ಕೇಳುವವನಿಗೆ ತಾನು ಸಮಾನನೆಂದು ಆರಂಭಿಸುವ ಹಾಡು ತನ್ನದೊಂದು ಮೇಲುಗೈಯನ್ನು ಹೇಳಿಕೊಂಡು ನಿಲ್ಲುತ್ತದೆ. ಅದರ ಬಲವೂ ಇಲ್ಲಿದೆ, ಮುಂದೆ ಬಂದ ಕೇಡಿನ ಬೀಜವೂ ಇಲ್ಲಿದೆ.

ಅದರ ಅನುಯಾಯಿಗಳು ಅಂಗೈಯ ಹಿಂಬದಿಗೆ ಹಾಕಿಕೊಳ್ಳುವ ಕಪ್ಪು ಕತ್ತರಿ ಗುರುತಿಗೂ ಒಂದು ಕಥೆಯಿದೆ. ೧೯೮೦ರಲ್ಲಿ ಮೆಕೇ ಇದ್ದ ಹಿಂದಿನ ತಂಡ ‘ಟೀನ್ ಐಡಲ್ಸ್’ ಕ್ಯಾಲಿಫೋರ್ನಿಯಕ್ಕೆ ಹೋದಾಗ, ವಯಸ್ಸಾಗದ ಹುಡುಗರಿಗೆ ಮದ್ಯ ಕೊಡಬಾರದೆಂದು ಅಲ್ಲಿಯ ಕ್ಲಬ್ಬಿನವರು ಕೈಗೆ ಈ ಗುರುತು ಹಾಕಿದರು. ಹುಡುಗರು ಅದನ್ನೇ ಬಿರುದಾಗಿ ಊರಿಗೆ ತಂದರು. ೧೯೩೦ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆಯನ್ನು ಮಾನದ ಮನೆ ಮಾಡಿಕೊಂಡ ಅಂಕೋಲೆಗೆ ಈ ಚಮತ್ಕಾರ ಹೊಸದಲ್ಲ.

ನನ್ನ ದೃಷ್ಟಿಯಲ್ಲಿ ಹೆಚ್ಚು ವಿಚಾರಾರ್ಹವಾದದ್ದು ಅದೇ ತಂಡದ ಇನ್ನೊಂದು ಹಾಡು, ‘ಔಟ್ ಆಫ್ ಸ್ಟೆಪ್’. ಅದರಲ್ಲಿ ಬೇಡಗಳ ಪಟ್ಟಿಯೇ ಇದೆ. ಕರ್ತೃಪದ ಮಾತ್ರ ಇಲ್ಲ. ಇಂಗ್ಲಿಷಿನಲ್ಲಿ ಕರ್ತೃ ಬಿದ್ದುಹೋದರೆ ‘ನಾನು ಕುಡಿಯುವುದಿಲ್ಲ’ ಎಂಬುದೂ ‘ಕುಡಿಯಬೇಡ’ ಎಂಬುದೂ ಒಂದೇ ರೂಪ ತಾಳುತ್ತವೆ. ತಂಡದ ಡೋಲು ಬಾರಿಸುವ ಜೆಫ್ ನೆಲ್ಸನ್ ಇದಕ್ಕೆ ಆಕ್ಷೇಪವೆತ್ತಿದ. ಅಚ್ಚಾದ ಸಾಹಿತ್ಯದಲ್ಲಿ ‘ನಾನು’ ಎಂಬ ಪದ ಕಂಸದೊಳಗೆ ಬಂತು. ೧೯೮೩ರಲ್ಲಿ ಮತ್ತೆ ಮುದ್ರಿಸಿದಾಗ, ಇದು ಯಾರಿಗೂ ಕಟ್ಟಳೆಯಲ್ಲವೆಂದು ಮೆಕೇ ನಡುವೆ ಹಾಡು ನಿಲ್ಲಿಸಿ ಮಾತಿನಲ್ಲಿಯೇ ಹೇಳಬೇಕಾಯಿತು. ಒಂದು ಸರ್ವನಾಮಕ್ಕಾಗಿ ಡೋಲಿನವನು ಜಗಳವಾಡಿದ ಸಂಗತಿಯನ್ನು ನಮ್ಮ ವ್ಯಾಕರಣದ ತರಗತಿಗಳಲ್ಲಿ ಹೇಳಬೇಕು! ತಾನು ಪಂಥ ಕಟ್ಟಲಿಲ್ಲವೆಂದು ಮೆಕೇ ಎಷ್ಟು ಸಾರಿದರೂ ಪಂಥ ಕಟ್ಟಿಕೊಂಡಿತು. ೧೯೯೦ರ ದಶಕದಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಅದೇ ಹೆಸರು ಹೊತ್ತ ಕೆಲವು ತರುಣರು ಕುಡಿಯುವವರ, ಸೇದುವವರ ಮೇಲೆ ಕೈಮಾಡಿದರು. ಉತ್ತಮ ಪುರುಷ ಮಧ್ಯಮ ಪುರುಷಕ್ಕೆ ತಿರುಗಿತ್ತು.

ನಮ್ಮ ಕಡೆಯ ಪಾನನಿರೋಧ ಸಾಹಿತ್ಯವೆಲ್ಲ ಹುಟ್ಟಿನಿಂದಲೇ ಮಧ್ಯಮ ಪುರುಷದ್ದು. ಪ್ರಚಾರಕ್ಕೆಂದು ಬರೆಸಿದ ನಾಟಕಗಳಲ್ಲಿ ಕುಡುಕ ಮೊದಲ ಅಂಕದಲ್ಲಿ ತಾಳಿ ಮಾರುತ್ತಾನೆ, ಮೂರನೆಯದರಲ್ಲಿ ಅಳುತ್ತಾನೆ. ನಡುವಿನ ಅಂಕದಲ್ಲಿ ಪ್ರೇಕ್ಷಕನೇ ಎದ್ದು ಹೋಗಿರುತ್ತಾನೆ. ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿದ್ದಾಗ ೧೯೪೯ರ ಪಾನನಿರೋಧ ಕಾಯಿದೆಯನ್ನು ಕಂಡಿತು; ೨೦೦೭ರಲ್ಲಿ ರಾಜ್ಯವೇ ಸಾರಾಯಿಯನ್ನು ನಿಲ್ಲಿಸಿತು. ಗೋವೆಯ ಅಗ್ಗದ ಸೀಸೆಗಳು ಗಡಿ ದಾಟುವುದು ನಿಂತಿಲ್ಲ.

ಆದರೆ ಬಡಗೇರಿಯ ಸುಕ್ರಿ ಬೊಮ್ಮಗೌಡರ ಮಾತು ಬೇರೆ. ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವೇ ಆಗಿದ್ದ, ೨೦೧೭ರಲ್ಲಿ ಪದ್ಮಶ್ರೀ ಪಡೆದು ೨೦೨೫ರಲ್ಲಿ ತೀರಿಕೊಂಡ ಈ ಹಿರಿಯರು ತಮ್ಮ ಊರಿನಲ್ಲಿಯೇ, ತಮ್ಮ ಜನರ ನಡುವೆಯೇ ಮದ್ಯದ ವಿರುದ್ಧ ನಿಂತರು. ಅವರ ‘ಬೇಡ’ಕ್ಕೆ ಕರ್ತೃ ಯಾರೆಂದು ಬಡಗೇರಿಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಸುಗ್ಗಿಗೂ ಮದುವೆಗೂ ಹಾಡಿದ ಕೊರಳೇ ಅದನ್ನೂ ಹೇಳಿತು. ವಾಷಿಂಗ್ಟನ್ನಿನ ಹುಡುಗನಿಗೂ ಈ ಅಜ್ಜಿಗೂ ಇರುವ ಹೋಲಿಕೆ ಇಷ್ಟೇ: ಇಬ್ಬರೂ ಹೊರಗಿನಿಂದ ಬಂದು ಬುದ್ಧಿ ಹೇಳಿದವರಲ್ಲ. ವ್ಯತ್ಯಾಸ ದೊಡ್ಡದು. ಆತನಿಗೆ ಮೇಲುಗೈ ಬೇಕಾಗಿತ್ತು. ಇವರಿಗೆ ಮನೆಗಳು ಉಳಿಯಬೇಕಾಗಿತ್ತು.

ಬೊಬ್ರುವಾಡದ ವಿದ್ಯಾರ್ಥಿಯೊಬ್ಬ ಮೆಕೇಯ ಹಾಡನ್ನು ಗುಮಟೆಯ ಪೆಟ್ಟಿಗೆ ಹೊಂದಿಸಿ ಕನ್ನಡಿಸಿದ್ದಾನೆ. ಮೊದಲ ಕರಡಿನ ತುಂಬ ‘ಕುಡಿಯಬೇಡ’, ‘ಸೇದಬೇಡ’ಗಳೇ ಇದ್ದವು. ನಮ್ಮ ಹಳೆಯ ನಿಷೇಧರೂಪವನ್ನು ಅವನಿಗೆ ನೆನಪಿಸಿದೆ: ‘ಕುಡಿಯೆ’, ‘ಸೇದೆ’. ಕ್ರಿಯಾಪದದೊಳಗೇ ‘ನಾನು’ ಕುಳಿತಿರುವಾಗ ಇಲ್ಲಿ ಕಂಸದ ಹಂಗಿಲ್ಲ. ತಿದ್ದಿದ ಸಾಲುಗಳು ಚಿಕ್ಕವಾದವು, ಪೆಟ್ಟಿಗೂ ಚೆನ್ನಾಗಿ ಕೂತವು. ಅದನ್ನು ಅವನು ಗೆಳೆಯರ ಮುಂದೆ ಹಾಡಿದನಂತೆ. ಮುಗಿದ ಮೇಲೆ ಒಬ್ಬ ಕೇಳಿದ್ದು: “ಹಂಗಾದ್ರೆ ನೀ ಇನ್ನು ನಮ್ಮ ಸಂಗಡ ಕೂಡ್ರುದಿಲ್ವೋ?” ಆ ಪ್ರಶ್ನೆಗೆ ಒಂದು ಸಾಲು ಸೇರಿಸಬೇಕೆಂದು ಅವನು ಈಗಲೂ ಬರೆದು ಹೊಡೆದುಹಾಕುತ್ತಿದ್ದಾನೆ.