ಅವಲಾನ್ ಊರಿನ ಗಿಟಾರು

ಅಮೆರಿಕದ ಗಾಯಕ, ಗಿಟಾರುವಾದಕ ಮಿಸಿಸಿಪಿ ಜಾನ್ ಹರ್ಟ್ ಎಂದರೆ ಸಂಗೀತಪ್ರಿಯರಿಗೆ ಮೊದಲು ನೆನಪಾಗುವುದು ಅವರು ಮತ್ತೆ ಸಿಕ್ಕ ಕತೆ. 1928ರಲ್ಲಿ ಓಕೆ ಧ್ವನಿಮುದ್ರಣ ಕಂಪನಿಗಾಗಿ ಮೊದಲು ಮೆಂಫಿಸ್‌ನಲ್ಲಿ, ಆಮೇಲೆ ನ್ಯೂಯಾರ್ಕಿನಲ್ಲಿ ಹಾಡಿದರು. ತಟ್ಟೆಗಳು ಅಷ್ಟಾಗಿ ಮಾರಾಟವಾಗಲಿಲ್ಲ. ಹಿಂದೆಯೇ ಮಹಾ ಆರ್ಥಿಕ ಕುಸಿತ ಬಂತು. ಹರ್ಟ್ ಅವಲಾನ್ ಎಂಬ ಪುಟ್ಟ ಊರಿನಲ್ಲಿ ಹೊಲದ ಕೆಲಸ ಮಾಡಿಕೊಂಡು ಉಳಿದರು. 1952ರಲ್ಲಿ ಹ್ಯಾರಿ ಸ್ಮಿತ್ ಹೊರತಂದ ಜನಪದ ಸಂಗೀತ ಸಂಕಲನದಲ್ಲಿ ಅವರ ಎರಡು ಹಾಡುಗಳಿದ್ದವು. ‘ಅವಲಾನ್ ಬ್ಲೂಸ್’ ಹಾಡಿನಲ್ಲಿ ಬರುವ ಊರಿನ ಹೆಸರಿನ ಜಾಡು ಹಿಡಿದು 1963ರಲ್ಲಿ ಸಂಗೀತಾಸಕ್ತ ಟಾಮ್ ಹಾಸ್ಕಿನ್ಸ್ ಅಲ್ಲಿಗೆ ಹೋದಾಗ, ಎಪ್ಪತ್ತರ ಆಸುಪಾಸಿನ ಹರ್ಟ್ ಬಳಿ ಸ್ವಂತದ ಗಿಟಾರೂ ಇರಲಿಲ್ಲ.

ಕತೆ ಸೊಗಸಾಗಿದೆ. ಆದರೆ ಅದರ ಗದ್ದಲದಲ್ಲಿ ಹಾಡುಗಾರಿಕೆಯೇ ಹಿಂದೆ ಸರಿದಿದೆ.

ಹರ್ಟ್ ಯಾರಿಂದಲೂ ಪಾಠ ಹೇಳಿಸಿಕೊಂಡವರಲ್ಲ. ಅವರ ಹೆಬ್ಬೆರಳು ಗಿಟಾರಿನ ದಪ್ಪ ತಂತಿಗಳ ಮೇಲೆ ಒಂದಾದ ಮೇಲೊಂದರಂತೆ, ಲಯ ಕದಲದೆ ನಡೆಯುತ್ತದೆ. ಉಳಿದ ಬೆರಳುಗಳು ತೆಳು ತಂತಿಗಳಲ್ಲಿ ಹಾಡಿನ ಧಾಟಿಯನ್ನು ತಾಳದ ಪೆಟ್ಟಿಗಿಂತ ತುಸು ಮುಂಚೆಯೋ ಆಮೇಲೋ ಮೀಟುತ್ತವೆ. ಇಬ್ಬರು ನುಡಿಸುತ್ತಿದ್ದಾರೇನೋ ಎನ್ನಿಸುತ್ತದೆ. ಊರಿನ ಕುಣಿತದ ಕೂಟಗಳಲ್ಲಿ ಪಳಗಿದ ಕೈ ಅದು. ಓಕೆ ಕಂಪನಿಗೆ ಅವರ ಹೆಸರು ಸೂಚಿಸಿದ್ದು ವಿಲಿ ನಾರ್ಮರ್ ಎಂಬ ನೆರೆಯ ಬಿಳಿಯ ಪಿಟೀಲುಗಾರ. ಕರಿಯರನ್ನೂ ಬಿಳಿಯರನ್ನೂ ಕಾನೂನೇ ಬೇರೆಬೇರೆ ಇಟ್ಟಿದ್ದ ಕಾಲದಲ್ಲಿ ಈ ಸಂಗೀತ ಇಬ್ಬರ ಅಂಗಳದಲ್ಲೂ ಓಡಾಡಿಕೊಂಡಿತ್ತು. ಲಾವಣಿ, ಭಕ್ತಿಗೀತೆ, ಕುಣಿತದ ಹಾಡು ಎಲ್ಲವೂ ಅದರಲ್ಲಿವೆ. ಬರಿಯ ಬ್ಲೂಸ್ ಎಂದರೆ ಹರ್ಟ್ ಅವರನ್ನು ಕಿರಿದು ಮಾಡಿದಂತೆ.

‘ಸ್ಪೈಕ್ ಡ್ರೈವರ್ ಬ್ಲೂಸ್’ ಕೇಳಿ. ರೈಲುಹಳಿಗೆ ಮೊಳೆ ಹೊಡೆಯುವ ಕೂಲಿಯೊಬ್ಬ, ಜನಪದ ಹಾಡುಗಳ ಸಾಹಸಿ ಕೂಲಿ ಜಾನ್ ಹೆನ್ರಿಯನ್ನು ಬಲಿ ತೆಗೆದುಕೊಂಡ ಸುತ್ತಿಗೆ ತನ್ನನ್ನು ಕೊಲ್ಲಬಾರದೆಂದು ಅದನ್ನು ಬಿಟ್ಟು ಹೊರಟುಬಿಡುತ್ತಾನೆ. ಬೇರೆ ಗಾಯಕರು ಜಾನ್ ಹೆನ್ರಿಯ ಸಾಹಸವನ್ನು ಎತ್ತಿದ ದನಿಯಲ್ಲಿ ಹಾಡಿದರು. ಹರ್ಟ್ ಹಾಡುವುದು ಬದುಕಲು ನಿರ್ಧರಿಸಿದವನನ್ನು, ಮಾತಾಡುವಷ್ಟೇ ಮೆಲ್ಲಗೆ. ಆ ಮೆಲುದನಿಯಲ್ಲಿರುವ ಧಿಕ್ಕಾರಕ್ಕೆ ಕೂಗಿನ ಹಂಗಿಲ್ಲ.

1963ರ ನ್ಯೂಪೋರ್ಟ್ ಜನಪದ ಸಂಗೀತ ಉತ್ಸವದಲ್ಲಿ ಅವರು ಹಾಡಿದ ಬಳಿಕ ಕೇಳುಗರು ಅವರನ್ನು ಹಸನ್ಮುಖದ ಅಜ್ಜನಾಗಿ ಅಪ್ಪಿಕೊಂಡರು. ಪ್ರೀತಿ ನಿಜ, ಆದರೆ ಆ ಚಿತ್ರಕ್ಕೆ 1928ರ ‘ಲೂಯಿಸ್ ಕಾಲಿನ್ಸ್’ ಹಾಡು ಒಗ್ಗುವುದಿಲ್ಲ. ಗುಂಡೇಟಿಗೆ ಸತ್ತವನ ಕತೆ, ಹೆತ್ತವಳ ಅಳಲು, ಮೇಲೆ ಜೋಗುಳದಂಥ ಧಾಟಿ: ಈ ಮೂರರ ಘರ್ಷಣೆಯೇ ಹಾಡಿನ ಜೀವ. ವ್ಯಾನ್‌ಗಾರ್ಡ್ ಕಂಪನಿಯ ‘ಟುಡೇ!’ ಆಲ್ಬಮ್ಮಿನಲ್ಲಿ ಇದೇ ಹಾಡು ಮತ್ತೆ ಬರುತ್ತದೆ. ದನಿ ಮಾಗಿದೆ, ಮುದ್ರಣ ತಿಳಿಯಾಗಿದೆ. ಆದರೂ 1928ರ ಬೆರಳುಗಳ ಚುರುಕು, ಕತೆಯನ್ನು ಮುಂದೂಡುವ ಆ ಒತ್ತಡ ಇಲ್ಲಿ ಸಡಿಲವಾಗಿದೆ. ಒಂದೇ ಹದದ ಸೌಮ್ಯತೆ ಹಾಡಿನಿಂದ ಹಾಡಿಗೆ ಹರಡಿ, ಕೆಲವೆಡೆ ಭೇದವನ್ನೇ ಅಳಿಸುತ್ತದೆ.

ಹರ್ಟ್ ತೀರಿಕೊಂಡದ್ದು 1966ರ ನವೆಂಬರ್ 2ರಂದು. ಮರುಶೋಧದ ಆ ಮೂರು ವರ್ಷ ಅವರಿಗೆ ಸಲ್ಲಬೇಕಾದ ಮನ್ನಣೆ ತಂದವು, ಆದರೆ ಅವರನ್ನು ಕಲಾವಿದರನ್ನಾಗಿ ಮಾಡಿದ್ದು ಆ ವರ್ಷಗಳಲ್ಲ. ಹೊಸದಾಗಿ ಕೇಳುವವರು 1928ರ ತಟ್ಟೆಗಳಿಂದಲೇ ಶುರುಮಾಡಲಿ. ಕರಕರ ಸದ್ದಿನ ನಡುವೆಯೂ ಅವರ ಅತ್ಯುತ್ತಮ ಕೆಲಸ ಅಲ್ಲೇ ಇದೆ.