ದಶಮಾಂಶ ನೋಡಿ ತೀರ್ಪು ಕೊಡಬೇಡಿ

ಕ್ಯಾಲ್ಕುಲೇಟರಿನಲ್ಲಿ 1ನ್ನು 17ರಿಂದ ಭಾಗಿಸಿ. 0.0588235294 ಎಂದು ಬರುತ್ತದೆ. ಆಮೇಲೆ 2ರ ವರ್ಗಮೂಲ ತೆಗೆಯಿರಿ: 1.414213562. ಎರಡರಲ್ಲೂ ಅಂಕಿಗಳು ಗೊತ್ತುಗುರಿಯಿಲ್ಲದೆ ಓಡಿದಂತೆಯೇ ಕಾಣುತ್ತವೆ. ಆದರೆ ಮೊದಲನೆಯದು ಭಾಗಲಬ್ಧ, ಅಂದರೆ ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದದ್ದು; ಎರಡನೆಯದು ಅಭಾಗಲಬ್ಧ, ಹಾಗೆ ಬರೆಯಲಾಗದ್ದು. ಈ ಭೇದ ಕಣ್ಣಿಗೆ ಸಿಗುವಂಥದ್ದಲ್ಲ, ಸಾಧನೆಗೆ ಮಾತ್ರ ಸಿಗುವಂಥದ್ದು. ಸಂಖ್ಯೆಗಳ ರುಚಿ ಹತ್ತಿದವರು ಮೊದಲು ಕಲಿಯಬೇಕಾದದ್ದು ಇದನ್ನೇ ಎಂದು ನನ್ನ ನಂಬಿಕೆ.

17ರಿಂದ ಭಾಗಿಸುವಾಗ ಉಳಿಯುವ ಶೇಷ 1ರಿಂದ 16ರೊಳಗೇ ಇರಬೇಕು. ಹಾಗಾಗಿ ಹದಿನಾರು ಹೆಜ್ಜೆ ಮುಗಿಯುವಷ್ಟರಲ್ಲಿ ಹಳೆಯ ಶೇಷವೊಂದು ಮರಳಲೇಬೇಕು. ಅಲ್ಲಿಂದ ಅಂಕಿಗಳೂ ಹಳೆಯ ಸಾಲನ್ನೇ ಹಿಡಿಯುತ್ತವೆ. ಹದಿನಾರು ಅಂಕಿಗಳ ಆ ಆವರ್ತ ಪುಟ್ಟ ಪರದೆಯಲ್ಲಿ ಹಿಡಿಸುವುದಿಲ್ಲ, ಅಷ್ಟೇ. ಪೂರ್ಣಾಂಕಗಳ ಯಾವ ಭಿನ್ನರಾಶಿಯಾದರೂ ಅದರ ದಶಮಾಂಶ ಒಂದೋ ಮುಗಿಯುತ್ತದೆ, ಇಲ್ಲವೇ ಆವರ್ತಿಸುತ್ತದೆ.

2ರ ವರ್ಗಮೂಲ ಇದಕ್ಕೆ ಬಗ್ಗುವುದಿಲ್ಲ. ಚೌಕದ ಕರ್ಣಕ್ಕೆ ಬೌಧಾಯನ ಶುಲ್ಬಸೂತ್ರ ಹೇಳುವ ಭಿನ್ನರಾಶಿಗಳನ್ನು ಕೂಡಿ ಕಳೆದರೆ 577/408 ಸಿಗುತ್ತದೆ. 577ರ ವರ್ಗ 332929. 408ರ ವರ್ಗದ ಎರಡರಷ್ಟು 332928. ಒಂದೇ ಒಂದರ ಅಂತರ! ಆ ಒಂದು ಯಾಕೆ ಅಳಿಯುವುದಿಲ್ಲ? ಯಾವುದೇ ಪೂರ್ಣಾಂಕದ ವರ್ಗವನ್ನು ಅವಿಭಾಜ್ಯ ಸಂಖ್ಯೆಗಳಾಗಿ ಬಿಡಿಸಿ, ಅದರಲ್ಲಿ ಎಷ್ಟು ಸಲ 2 ಇದೆ ಎಂದು ಎಣಿಸಿ, ಲೆಕ್ಕ ಸಮಸಂಖ್ಯೆಯೇ. ವರ್ಗದ ಎರಡರಷ್ಟರಲ್ಲಿ ಎಣಿಸಿದರೆ ಬೆಸ. ಸಮವೂ ಬೆಸವೂ ಒಂದಾಗುವುದುಂಟೆ? ಎಷ್ಟೇ ದೊಡ್ಡ ಭಿನ್ನರಾಶಿ ತಂದರೂ ಗುರಿ ಮುಟ್ಟಲಾರದು. ಇಷ್ಟು ಚಿಕ್ಕದಾದ, ಇಷ್ಟು ಚೆಲುವಾದ ವಾದ ಗಣಿತದಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ.

22/7 ಅನ್ನೇ ಪೈ ಎಂದುಕೊಂಡವರು ಈಗಲೂ ಬಹಳ. 22/7 ಭಾಗಲಬ್ಧ, ಪೈ ಅಲ್ಲ. ಅದನ್ನು ಸಾಧಿಸಲು 18ನೇ ಶತಮಾನದ ಲ್ಯಾಂಬರ್ಟ್ ಬರಬೇಕಾಯಿತು.

ಭಾಗಲಬ್ಧ, ಅಭಾಗಲಬ್ಧ ಎರಡೂ ಸೇರಿದರೆ ವಾಸ್ತವ ಸಂಖ್ಯೆಗಳು. ಅಲ್ಲಿಗೇ ಮುಗಿಯಿತೆ? ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ: ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ವಾಸ್ತವ ಸಂಖ್ಯೆಗಳ ಮಟ್ಟಿಗೆ ಈ ಮಾತು ಇಂದಿಗೂ ಅಲ್ಲಾಡಿಲ್ಲ. ಆ ಎಲ್ಲೆ ದಾಟಿ ನೋಡಿದವನು ಇಟಲಿಯ ಬೊಂಬೆಲ್ಲಿ, 1572ರ ತನ್ನ ಪುಸ್ತಕದಲ್ಲಿ. ಒಂದು ಸಂಖ್ಯೆಯ ಘನ, ಅದರ 15ರಷ್ಟಕ್ಕೆ 4 ಕೂಡಿಸಿದ್ದಕ್ಕೆ ಸಮ, ಸಂಖ್ಯೆ ಯಾವುದು? ಉತ್ತರ 4 ಎಂದು ಮಕ್ಕಳೂ ತಾಳೆ ನೋಡಬಹುದು. ಆದರೆ ಘನಸಮೀಕರಣ ಬಿಡಿಸುವ ಸೂತ್ರ ಹಿಡಿದು ಹೊರಟರೆ ನಡುದಾರಿಯಲ್ಲಿ –121ರ ವರ್ಗಮೂಲ ಅಡ್ಡ ನಿಲ್ಲುತ್ತದೆ. ಬೊಂಬೆಲ್ಲಿ ಹೆದರಲಿಲ್ಲ. –1ರ ವರ್ಗಮೂಲವನ್ನು ಸಂಖ್ಯೆಯೆಂದೇ ಎಣಿಸಿ, ಅದನ್ನು 2ಕ್ಕೆ ಒಮ್ಮೆ ಕೂಡಿಸಿ ಒಮ್ಮೆ ಕಳೆದ. ಆ ಎರಡನ್ನೂ ಸೇರಿಸಿದರೆ ಅಡ್ಡ ನಿಂತದ್ದು ತಾನೇ ಕರಗಿ 4 ಉಳಿಯಿತು. ಇಂಥ ಸಂಕೀರ್ಣ ಸಂಖ್ಯೆಗಳು ಬದುಕಿದ್ದು ಹೀಗೆ, ಕೆಲಸಕ್ಕೆ ಬಂದು.

ಇವು ಬೇರೆ ಬೇರೆ ಜಾತಿಗಳೆಂದು ಮಕ್ಕಳಿಗೆ ಹೇಳಿಕೊಡಬೇಡಿ. ಊರಿನವರು ತಾಲ್ಲೂಕಿನವರೂ ಹೌದು, ಜಿಲ್ಲೆಯವರೂ ಹೌದು. ಹಾಗೆಯೇ 5 ಭಾಗಲಬ್ಧ, ವಾಸ್ತವ, ಸಂಕೀರ್ಣ ಎಲ್ಲವೂ ಹೌದು.

ಇನ್ನು ಆಯ್ಲರ್ ಸ್ಥಿರಾಂಕ ಎಂಬುದೊಂದಿದೆ, 0.5772ರಿಂದ ಶುರುವಾಗುವಂಥದ್ದು. ಅದರ ಅಂಕಿಗಳನ್ನು ಕಂಪ್ಯೂಟರುಗಳು ಕೋಟಿಗಟ್ಟಲೆ ಲೆಕ್ಕ ಹಾಕಿವೆ. ಅದು ಭಾಗಲಬ್ಧವೋ ಅಭಾಗಲಬ್ಧವೋ ಎಂಬುದನ್ನು ಇಂದಿನವರೆಗೂ ಯಾರೂ ಸಾಧಿಸಿಲ್ಲ.