ಸ್ವರಾತ್ಮದ ಎರಡನೇ ಆಟ

ಬೆಂಗಳೂರಿನ ಸ್ವರಾತ್ಮ ತಂಡ 2009ರಲ್ಲಿ ತನ್ನ ಹೆಸರಿನದೇ ಮೊದಲ ಆಲ್ಬಂ ತಂದಿತ್ತು. 2012ರಲ್ಲಿ ಬಂದ ಎರಡನೆಯದು ‘ಟೋಪಿವಾಲೆ’; ನಿರ್ಮಾಣ ಲಾಯ್ ಮೆಂಡೋನ್ಸಾ ಅವರದು. ತಂಡದ ತುಂಟತನ ಪಳಗಿದ್ದು ಇಲ್ಲೇ. ಶೀರ್ಷಿಕೆ ಹಾಡು ರಾಜಕಾರಣಿಗಳನ್ನು ಬೈಯುವುದಿಲ್ಲ, ಕಾಲೆಳೆಯುತ್ತದೆ. ಪಿಟೀಲು ಚುರುಕು ಮುಟ್ಟಿಸಿದರೆ ಡ್ರಮ್ಸ್ ಕುಣಿಸುತ್ತದೆ. ಮೈಸೂರಿನ ವಾಸು ದೀಕ್ಷಿತ್ ದನಿಯಲ್ಲಿ ನಮ್ಮ ಕಡೆಯ ಜಾತ್ರೆಯ ಗತ್ತಿದೆ. ವೇದಿಕೆಯಲ್ಲಂತೂ ಕೀಲುಕುದುರೆ ಕಟ್ಟಿ ಕುಣಿಯುವುದೂ ಉಂಟು! ಆದರೆ ‘ಘುಮ್’ ಶುರುವಾದರೆ ನಗು ನಿಲ್ಲುತ್ತದೆ: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಅದರ ವಸ್ತು. ಹಿಂದಿಯ ನಡುವೆ ಕನ್ನಡದ ಹಾಡು ಇನ್ನೆರಡು ಇರಬೇಕಿತ್ತು, ನನ್ನ ತಕರಾರು ಅದೊಂದೇ. ಎಚ್.ಡಿ. ಕೋಟೆಯಿಂದ ಹ್ಯಾಂಡ್‌ಪೋಸ್ಟ್ ದಾಟಿ ಮೈಸೂರಿಗೆ ಹೊರಟವರು ದಾರಿಯಲ್ಲಿ ಪೂರ್ತಿ ಕೇಳಿ. ನಡುವೆ ಯಾವ ಹಾಡನ್ನೂ ಹಾರಿಸಬೇಡಿ.